ಪೈಲಟ್ ಆಗಲು ಏವಿಯೇಶನ್ ಪದವಿ ಬೇಕೆ?

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಕೂಡಲೇ ಪುಣೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಈಗ ಮೂರನೆಯ ಮಾತೊಂದು ಕೇಳಿಬರುತ್ತಿದೆ. ಅದು ಪೈಲಟ್. ಲೋಹಗಾಂವ್, ವಿಮಾನನಗರದ ಕಡೆ ಬೆಳೆದ ಮಕ್ಕಳಿಗೆ ತಲೆಯ ಮೇಲೆ ಹಾರುವ ವಿಮಾನ ನೋಡಿ ಆಸೆ ಹುಟ್ಟುವುದು ಸಹಜವೇ. ಆದರೆ ಆಸೆಯ ಬೆನ್ನಿಗೇ ಕಾಲೇಜುಗಳ ಬಣ್ಣದ ಪುಸ್ತಿಕೆಗಳೂ ಮನೆಗೆ ಬರುತ್ತವೆ. ಬಿ.ಎಸ್ಸಿ. ಏವಿಯೇಶನ್, ಬಿ.ಬಿ.ಎ. ಏವಿಯೇಶನ್ ಎಂಬ ಹೆಸರುಗಳು, ಮುಖಪುಟದಲ್ಲಿ ಬಿಳಿ ಅಂಗಿ, ಭುಜದ ಮೇಲೆ ನಾಲ್ಕು ಪಟ್ಟಿ. ಮೂರು ವರ್ಷದ ಶುಲ್ಕ ಕಟ್ಟಿದರೆ ಮಗ ಪೈಲಟ್ ಆದಂತೆಯೇ ಎಂದು ನಂಬಿದ ಪಾಲಕರನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿಯೂ ಸಂಘದ ಸಮಾರಂಭಗಳಲ್ಲಿಯೂ ಕಂಡಿದ್ದೇನೆ. ಆದ್ದರಿಂದ ಈ ನಾಲ್ಕು ಮಾತು.

ವಿಮಾನ ಹಾರಿಸುವ ಪರವಾನಗಿ ಕೊಡುವುದು ವಿಶ್ವವಿದ್ಯಾಲಯವಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಅದು ಕೇಳುವುದು 18 ವರ್ಷ ವಯಸ್ಸು, ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ (ವಾಣಿಜ್ಯ, ಕಲಾ ವಿಭಾಗದವರಿಗೂ ಅವಕಾಶ ಕೊಡುವ ಪ್ರಸ್ತಾವ 2025ರಲ್ಲಿ ಬಂದಿತು), ನ್ಯಾವಿಗೇಶನ್, ಹವಾಮಾನ, ವಾಯುನಿಯಮ, ತಾಂತ್ರಿಕ ವಿಷಯಗಳ ಪರೀಕ್ಷೆ, ರೇಡಿಯೊ ಪರವಾನಗಿ, ವೈದ್ಯಕೀಯ ಪ್ರಮಾಣಪತ್ರ ಮತ್ತು 200 ಗಂಟೆಗಳ ಹಾರಾಟ. ಪದವಿ ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಬಿ.ಬಿ.ಎ. ಏವಿಯೇಶನ್ ಎಂಬುದಂತೂ ವಿಮಾನ ನಿಲ್ದಾಣ ಮತ್ತು ಏರ್‌ಲೈನ್ ಕಚೇರಿಯ ಆಡಳಿತದ ಓದು. ಅದನ್ನು ಮುಗಿಸಿದವರಿಗೆ ಕಾಕ್‌ಪಿಟ್‌ನ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ಅಮೆರಿಕದಲ್ಲಿ ಎಲ್ಲರೂ ಏವಿಯೇಶನ್ ಪದವಿ ಮಾಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಅದಕ್ಕೊಂದು ಕಾರಣವಿದೆ. 2009ರ ಫೆಬ್ರವರಿಯಲ್ಲಿ ಬಫೆಲೊ ನಗರದ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಬಳಿಕ 2013ರಿಂದ ಅಲ್ಲಿ ಏರ್‌ಲೈನಿನ ಸಹಪೈಲಟ್‌ಗೂ 1500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಮಾನ್ಯತೆ ಪಡೆದ ನಾಲ್ಕು ವರ್ಷದ ಏವಿಯೇಶನ್ ಪದವಿ ಇದ್ದವರಿಗೆ ಮಾತ್ರ 1000 ಗಂಟೆ ಸಾಕು. ಅಂದರೆ ಅಲ್ಲಿಯ ಪದವಿಯ ಬೆಲೆ 500 ಗಂಟೆ. ನಮ್ಮಲ್ಲಿ ಆ 200 ಗಂಟೆಯಲ್ಲಿ ಪದವಿಗಾಗಿ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ. ಅಲ್ಲಿಯೂ ಡೆಲ್ಟಾ ಏರ್‌ಲೈನ್ಸ್ 2022ರ ಜನವರಿಯಲ್ಲಿ ಪದವಿಯ ಕಡ್ಡಾಯವನ್ನು ಕೈಬಿಟ್ಟಿತು.

ಪದವಿ ಮತ್ತು ಹಾರಾಟ ಒಟ್ಟಿಗೇ ನಡೆಯುವ ಕಡೆ ಮಾತು ಬೇರೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯಲ್ಲಿ ತರಬೇತಿಯ ಜೊತೆಗೇ ಬಿ.ಎಸ್ಸಿ. ಏವಿಯೇಶನ್ ಮಾಡುವ ಸೌಲಭ್ಯವಿದೆ. ಅಲ್ಲಿ ಸೀಟು ಸಿಕ್ಕರೆ ಎರಡು ಮಾತಿಲ್ಲದೆ ಕಳುಹಿಸಿ. ನನ್ನ ತಕರಾರು ಇರುವುದು ಮೂರು ವರ್ಷ ತರಗತಿಯಲ್ಲಿ ಕೂರಿಸಿ, ಕೊನೆಗೆ "ಹಾರಾಟದ ವೆಚ್ಚ ಪ್ರತ್ಯೇಕ" ಎನ್ನುವ ಪದವಿಗಳ ಬಗ್ಗೆ.

ಆ ಪ್ರತ್ಯೇಕ ವೆಚ್ಚವೇನು ಸಣ್ಣದಲ್ಲ. ಲೈಸೆನ್ಸಿಗೆ ಇಂದು ಸುಮಾರು 50 ಲಕ್ಷ ರೂಪಾಯಿ ಹಿಡಿಯುತ್ತದೆ. ಏರ್‌ಬಸ್ ಅಥವಾ ಬೋಯಿಂಗ್ ಹಾರಿಸುವ ಟೈಪ್ ರೇಟಿಂಗ್ ಬೇರೆ. ಶೇ. 11 ಬಡ್ಡಿ ಎಂದು ಹಿಡಿದರೆ 50 ಲಕ್ಷಕ್ಕೆ 15 ವರ್ಷದ ಕಂತು ತಿಂಗಳಿಗೆ ಸುಮಾರು 57 ಸಾವಿರ. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ. ಊರಿನ ಗದ್ದೆಯ ಪಹಣಿ ಹಿಡಿದು ಬಂದವರನ್ನು ನೋಡಿದ್ದೇನೆ. ಕೃಷಿ ಭೂಮಿಯ ಮೇಲೆ ಇಂಥ ಸಾಲ ಸುಲಭವಲ್ಲ, ಕೊನೆಗೆ ಅಡವಿಗೆ ಹೋಗುವುದು ಇಪ್ಪತ್ತು ವರ್ಷ ಹೊಟೇಲಿನಲ್ಲಿ ದುಡಿದು ಕಟ್ಟಿಕೊಂಡ ಪುಣೆಯ ಫ್ಲಾಟು. ಇದರ ಮೇಲೆ ಮೂರು ವರ್ಷದ ಕಾಲೇಜು ಶುಲ್ಕವನ್ನೂ ಹೇರಿಕೊಳ್ಳಬೇಕೆ? ಮೂರು ವರ್ಷ ತಡವಾಗಿ ಸೇರಿದವನು ಸೀನಿಯಾರಿಟಿಯಲ್ಲೂ ಮೂರು ವರ್ಷ ಹಿಂದೆ. ಸೀನಿಯಾರಿಟಿ ಅಂದರೇನು ಎಂದು ಬ್ಯಾಂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ದುಡ್ಡಿಗಿಂತ ಮೊದಲು ಆಗಬೇಕಾದ ಕೆಲಸ ವೈದ್ಯಕೀಯ ತಪಾಸಣೆ. ಪರಿಚಯದ ಮನೆಯೊಂದರ ಹುಡುಗ, ತಂದೆಯದು ಸಣ್ಣ ಕ್ಯಾಂಟೀನು, ಏವಿಯೇಶನ್ ಪದವಿಯನ್ನು ಒಳ್ಳೆಯ ಅಂಕದಲ್ಲಿ ಮುಗಿಸಿದ. ಬಳಿಕ ತಪಾಸಣೆಗೆ ಹೋದಾಗ ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸ ಅವನ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ ಎಂದು ಗೊತ್ತಾಯಿತು. ಅದು ಹುಟ್ಟಿನಿಂದ ಇದ್ದದ್ದು. ಮೂರು ವರ್ಷದಲ್ಲಿ ಕಾಲೇಜಿನವರು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಮೊದಲು ಕ್ಲಾಸ್-2, ನಂತರ ಕ್ಲಾಸ್-1 ತಪಾಸಣೆ ಮಾಡಿಸಬಹುದು. ಕ್ಲಾಸ್-1 ತಪಾಸಣೆಗೆ ನಮ್ಮ ಬೆಂಗಳೂರಿನಲ್ಲಿಯೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಆ ತಂದೆ ಈಗಲೂ ಸಾಲದ ಕಂತು ಕಟ್ಟುತ್ತಿದ್ದಾರೆ.

ಪದವಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು ಹಾಗೆ ಹೇಳಲಾರ. ಪೈಲಟ್ ವೃತ್ತಿ ಪ್ರತಿ ವರ್ಷ ವೈದ್ಯರ ಸಹಿಯ ಮೇಲೆ ನಿಂತಿರುವಂಥದ್ದು. ಕಂಪೆನಿಗಳದ್ದಂತೂ ಕೇಳಲೇಬೇಡಿ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್ ನಿಂತುಹೋದಾಗ ಸಾವಿರಾರು ಗಂಟೆ ಹಾರಿಸಿದವರೂ ಸಂಬಳವಿಲ್ಲದೆ ಕುಳಿತರು. ಅಂಥ ಸಮಯದಲ್ಲಿ ಏವಿಯೇಶನ್ ಪದವಿ ಅದೇ ಮುಚ್ಚಿದ ಬಾಗಿಲಿನ ಮುಂದೆ ಇನ್ನೊಮ್ಮೆ ತಂದು ನಿಲ್ಲಿಸುತ್ತದೆ. ಕೈಹಿಡಿಯುವುದು ಬಿ.ಕಾಂ., ಗಣಿತ, ಕಂಪ್ಯೂಟರ್‌ನಂಥ ಹೊರಗಿನ ಪದವಿ. ಇಗ್ನೋ ಅಥವಾ ನಾಸಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದ ಮೂಲಕ ತರಬೇತಿಯ ಜೊತೆಜೊತೆಗೇ ಅಂಥದ್ದನ್ನು ಕಡಿಮೆ ಖರ್ಚಿನಲ್ಲಿ ಮಾಡಬಹುದು. ಮಳೆಗಾಲದಲ್ಲಿ ಮೋಡ ಕವಿದು ಹಾರಾಟ ನಿಂತ ದಿನಗಳು ಓದಿಗೆ ಬೇಕಾದಷ್ಟು ಸಿಗುತ್ತವೆ.

ಪದವಿ ಕಡ್ಡಾಯವಾಗಿರುವ ದಾರಿಯೂ ಒಂದಿದೆ, ವಾಯುಪಡೆಯದ್ದು. ಪದವೀಧರರಿಗೆ ಎಎಫ್‌ಕ್ಯಾಟ್ ಪರೀಕ್ಷೆ. ಹನ್ನೆರಡನೆಯ ನಂತರ ಹೋಗುವವರಿಗೆ ನಮ್ಮ ಖಡಕ್‌ವಾಸ್ಲಾದ ಎನ್‌ಡಿಎ, ಅಲ್ಲಿ ಜೆಎನ್‌ಯು ಪದವಿಯೂ ಸೇರಿಯೇ ಬರುತ್ತದೆ. ಪುಣೆಯ ಸಂಸದರಾಗಿದ್ದ ಸುರೇಶ್ ಕಲ್ಮಾಡಿಯವರು ರಾಜಕೀಯಕ್ಕೆ ಬರುವ ಮೊದಲು ಇದೇ ಎನ್‌ಡಿಎಯಲ್ಲಿ ಕಲಿತು ವಾಯುಪಡೆಯ ಪೈಲಟ್ ಆಗಿದ್ದವರು. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ, 17 ಮಂದಿಯ ಮೊದಲ ತಂಡ 2025ರ ಮೇ ತಿಂಗಳಲ್ಲಿ ಹೊರಬಂದಿತು. ಹತ್ತು ಮೈಲು ದೂರದ ಈ ಸಂಸ್ಥೆಯ ಪರೀಕ್ಷೆಗೆ ನಮ್ಮ ಮಕ್ಕಳು ಅರ್ಜಿ ಹಾಕುವುದು ಕಡಿಮೆ ಎಂಬುದು ನನ್ನ ಬೇಸರ.

ನಾಗರಿಕ ತರಬೇತಿಗೂ ದೂರ ಹೋಗಬೇಕಾಗಿಲ್ಲ. ಬಾರಾಮತಿ ನಮ್ಮ ಜಿಲ್ಲೆಯಲ್ಲೇ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳನ್ನೂ 2021ರಲ್ಲಿ ಹಾರಾಟ ಶಾಲೆಗಳಿಗೆ ಗೊತ್ತುಮಾಡಲಾಯಿತು. ಎಲ್ಲಿಗೇ ಹೋದರೂ ಶಾಲೆ ಡಿಜಿಸಿಎ ಪಟ್ಟಿಯಲ್ಲಿದೆಯೇ, ಹಾರುವ ಸ್ಥಿತಿಯಲ್ಲಿರುವ ವಿಮಾನಗಳು ಎಷ್ಟು, ಕಳೆದ ಎರಡು ವರ್ಷದಲ್ಲಿ ಎಷ್ಟು ಮಂದಿ ಲೈಸೆನ್ಸ್ ಪಡೆದರು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಪ್ರತಿಭಾ ಪುರಸ್ಕಾರದ ದಿನ ಶಾಲು, ಭಾಷಣದ ಜೊತೆಗೆ ಹಾಲಿ ಪೈಲಟ್ ಒಬ್ಬರನ್ನು ಕರೆಸಿ ಪಾಲಕರ ಜೊತೆ ಒಂದು ಗಂಟೆ ಕೂರಿಸುವುದು ನಮ್ಮ ಸಂಘಗಳಿಗೆ ಕಷ್ಟವಾಗಲಾರದು. ಕಾಲೇಜುಗಳ ಪ್ರವೇಶ ಆರಂಭವಾಗುವ ಮೊದಲೇ ಅದನ್ನು ಇಟ್ಟುಕೊಂಡರೆ ಒಳ್ಳೆಯದು.