ಆಶುಭಾಷಣ ಬಾಯಿಪಾಠ ಮಾಡಿಸುವುದೇ?

ಇಂಟರ್ನ್‌ಶಿಪ್‌ಗೆ ಹೋದ ನಮ್ಮಲ್ಲಿ ಹೆಚ್ಚಿನವರಿಗೆ ಶಾಲೆಯಲ್ಲಿ ಮೊದಲು ಸಿಗುವ ಜವಾಬ್ದಾರಿ ಪಾಠದ್ದಲ್ಲ, ಪ್ರತಿಭಾ ಕಾರಂಜಿಯದು. "ನೋಡಮ್ಮಾ, ನೀವು ಹೊಸಬರು, ಹುರುಪಿದೆ. ಹಾಡು, ಭಾಷಣ, ಡಾನ್ಸು ಎಲ್ಲ ನೀವೇ ನೋಡ್ಕೊಂಡ್‌ಬಿಡಿ" ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಇಲ್ಲವೆನ್ನುವಂತಿಲ್ಲ. ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಹತ್ತೋ ಹನ್ನೆರಡೋ ದಿನ ಉಳಿದಿರುತ್ತದೆ. ಅಷ್ಟರಲ್ಲಿ ಭಕ್ತಿಗೀತೆಗೊಬ್ಬರು, ಮಿಮಿಕ್ರಿಗೊಬ್ಬರು, ರಂಗೋಲಿಗೊಬ್ಬರು, ಜನಪದ ನೃತ್ಯಕ್ಕೊಂದು ತಂಡ ಸಿದ್ಧವಾಗಬೇಕು. ಈ ತಯಾರಿಯನ್ನು ನಾವು ಮಾಡುತ್ತಿರುವ ರೀತಿ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಸರಿಯಾದ ರೀತಿ ಯಾವುದೆಂದು ಹುಡುಕಲು ನಾವು ದೂರ ಹೋಗಬೇಕಿಲ್ಲ. ಅದನ್ನು ಇದೇ ಕಾಲೇಜಿನಲ್ಲಿ ನಮಗೆ ಕಲಿಸಲಾಗಿದೆ.

ಈಗ ನಡೆಯುವುದು ಹೀಗೆ. "ಯಾರಿಗೆ ಹಾಡೋಕೆ ಬರುತ್ತೆ? ಕೈ ಎತ್ತಿ" ಎಂದು ಕೇಳುತ್ತೇವೆ. ಹೋದ ವರ್ಷ ಎತ್ತಿದ ಕೈಗಳೇ ಈ ವರ್ಷವೂ ಮೇಲೇಳುತ್ತವೆ. ಆ ಏಳೆಂಟು ಮಕ್ಕಳನ್ನು ಮಧ್ಯಾಹ್ನದ ಅವಧಿಗಳಿಂದ ಹೊರಗೆ ಕರೆದು ಖಾಲಿ ಕೊಠಡಿಯಲ್ಲಿ ನಿಲ್ಲಿಸುತ್ತೇವೆ. ಮಗು ಶುರು ಮಾಡುತ್ತದೆ, ನಡುವೆ ತಪ್ಪುತ್ತದೆ, ನಾವು "ಮೊದಲಿಂದ ಮಾಡು" ಎನ್ನುತ್ತೇವೆ. ಮತ್ತೆ ತಪ್ಪುತ್ತದೆ, ಮತ್ತೆ ಮೊದಲಿಂದ. ಹತ್ತು ದಿನ ಹೀಗೆ ನಡೆದರೆ ಮೊದಲ ನಾಲ್ಕು ಸಾಲು ನಲವತ್ತು ಸಲ ಅಭ್ಯಾಸವಾಗಿರುತ್ತದೆ, ಕೊನೆಯ ನಾಲ್ಕು ಸಾಲಿಗೆ ನಾಲ್ಕೈದು ಸಲವೂ ಸಿಕ್ಕಿರುವುದಿಲ್ಲ. ತಪ್ಪಿದ ಜಾಗದಿಂದ ಎದ್ದು ಮುಂದೆ ಹೋಗುವುದನ್ನಂತೂ ಯಾರೂ ಕಲಿಸಿರುವುದಿಲ್ಲ. ವೇದಿಕೆಯ ಮೇಲೆ ಮಗುವಿಗೆ ಬೇಕಾಗುವುದು ಅದೇ.

ನಾನು ಹೋಗಿದ್ದ ಗ್ರಾಮೀಣ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗಿ ಆಶುಭಾಷಣಕ್ಕೆ ಆಯ್ಕೆಯಾಗಿದ್ದಳು. ಅವಳಿಗೆ ಐದು ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದರು. ಪರಿಸರ, ಮೊಬೈಲ್, ಸ್ವಚ್ಛತೆ, ಹೆಣ್ಣುಮಕ್ಕಳ ಶಿಕ್ಷಣ, ಕನ್ನಡ ನಾಡು ನುಡಿ. ಸ್ಪರ್ಧೆಯ ದಿನ ಅವಳು ಎತ್ತಿದ ಚೀಟಿಯಲ್ಲಿ ಬಂದದ್ದು 'ನಮ್ಮೂರ ಸಂತೆ'. ಆ ಹುಡುಗಿಯ ತಾಯಿ ಪ್ರತಿ ವಾರ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ, ಇವಳೂ ರಜೆಯಲ್ಲಿ ಪಕ್ಕದಲ್ಲಿ ಕೂರುತ್ತಾಳೆ. ಆ ಕೋಣೆಯಲ್ಲಿ ಸಂತೆಯ ಬಗ್ಗೆ ಅವಳಷ್ಟು ತಿಳಿದವರು ತೀರ್ಪುಗಾರರೂ ಸೇರಿದಂತೆ ಯಾರೂ ಇದ್ದಿರಲಾರರು. ಅವಳು ಎರಡು ವಾಕ್ಯ ಹೇಳಿ, ಆಮೇಲೆ ಸ್ವಚ್ಛತೆಯ ಭಾಷಣಕ್ಕೆ ಹಾರಿದಳು. ಅದೂ ನಡುವೆ ಕೈಕೊಟ್ಟಿತು. ಇಳಿದು ಬಂದು, "ಮಿಸ್, ಸಂತೆ ಭಾಷಣ ನಂಗೆ ಕೊಟ್ಟೇ ಇರ್ಲಿಲ್ಲ" ಎಂದಳು.

ಸಂತೆಯ ಬಗ್ಗೆ ಮಾತಾಡಲು ತನಗೆ ಯಾರೋ ಭಾಷಣ ಬರೆದುಕೊಡಬೇಕು ಎಂದು ಅವಳು ನಂಬುವಂತೆ ಮಾಡಿದ್ದು ನಮ್ಮ ತಯಾರಿ. ಬಹುಮಾನ ಹೋದದ್ದಕ್ಕಿಂತ ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ಕುಂದಾಪುರದ ಕಡೆಯವಳು. ಈ ವಿಷಯ ಹೇಳಿದಾಗ ಅವಳು ತಾಳಮದ್ದಳೆಯನ್ನು ನೆನಪಿಸಿದಳು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಎದುರಿನವರು ಏನು ಕೇಳುತ್ತಾರೆಂದು ಮುಂಚೆ ಗೊತ್ತಿರುವುದಿಲ್ಲ, ಆದ್ದರಿಂದ ಉತ್ತರವನ್ನು ಬರೆದಿಟ್ಟುಕೊಳ್ಳಲಾಗುವುದಿಲ್ಲ. ಹಾಗೆಂದು ಅವರು ತಯಾರಿಯಿಲ್ಲದೆ ಬಂದು ಕೂರುತ್ತಾರೆಯೇ? ಪ್ರಸಂಗದ ಪದ್ಯಗಳು ಗೊತ್ತು, ಪುರಾಣದ ಕಥೆ ಗೊತ್ತು, ಪಾತ್ರದ ಸ್ವಭಾವ ಗೊತ್ತು. ವಾಕ್ಯ ಮಾತ್ರ ಆ ಕ್ಷಣದ್ದು. ಆಶುಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಮ್ಮ ನಾಡಿನಲ್ಲಿ ಬೇರೆ ಇದೆಯೆಂದು ನನಗನಿಸುವುದಿಲ್ಲ. ಆದರೂ ನಾವು ಐದು ಹಾಳೆ ಜೆರಾಕ್ಸ್ ಮಾಡಿಸಿ ಕೈಗಿಡುತ್ತೇವೆ.

ಇನ್ನು ನಮ್ಮ ಮನೆಯದೇ ವಿದ್ಯೆ, ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ರೂಪಿಸಿದ್ದು. ನಮ್ಮಲ್ಲಿ ಬಳಕೆಯಲ್ಲಿರುವುದು 36 ನಿಮಿಷದ ಚಕ್ರ. 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮರುಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ. ಇದನ್ನು ಪರೀಕ್ಷೆಗೆ ಬರೆಯುತ್ತೇವೆ, ರೆಕಾರ್ಡಿನಲ್ಲಿ ಬಣ್ಣದ ಪೆನ್ನಿನಿಂದ ಚಕ್ರವನ್ನೂ ಬಿಡಿಸುತ್ತೇವೆ. ನಾವು ಮೊದಲ ಸಲ ಕಪ್ಪುಹಲಗೆಯ ಮುಂದೆ ನಿಂತಾಗ ಯಾರೂ "ಮೊದಲಿಂದ ಮಾಡು" ಎನ್ನಲಿಲ್ಲ. ಪ್ರಶ್ನೆ ಕೇಳುವುದನ್ನಷ್ಟೇ ನೋಡಿದರು, ಅದರ ಬಗ್ಗೆಯಷ್ಟೇ ಹೇಳಿದರು, ಯೋಚಿಸಲು ಸಮಯ ಕೊಟ್ಟರು. ಇಡೀ ಚಕ್ರದಲ್ಲಿ ಅತಿ ಹೆಚ್ಚು ಸಮಯ ಇರುವುದು ಮರುಯೋಜನೆಗೆ ಎಂಬುದನ್ನು ಗಮನಿಸಬೇಕು. ಮಕ್ಕಳ ತಾಲೀಮಿನಲ್ಲಿ ಆ 12 ನಿಮಿಷ ಇಲ್ಲವೇ ಇಲ್ಲ.

ವೇದಿಕೆಗೆ ಬೇಕಾದ ಕೌಶಲಗಳನ್ನೂ ಹೀಗೆ ಬಿಡಿಸಬಹುದು. ನಡೆದು ಬಂದು ನಿಲ್ಲುವುದು, ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಳ್ಳುವುದು, ಮೊದಲ ಮಾತಿಗೆ ಮುನ್ನ ಒಮ್ಮೆ ಉಸಿರೆಳೆದುಕೊಳ್ಳುವುದು, ಸಾಲು ಮರೆತಾಗ ಮುಂದಿನ ಸಾಲಿಗೆ ದಾಟುವುದು, ಮುಗಿಸಿ ಓಡಿಹೋಗದೆ ಇಳಿಯುವುದು. ಮೈಕಿನ ಮಾತು ಸಣ್ಣದೆಂದು ಕಾಣಬಹುದು, ಆದರೆ ಎಷ್ಟೋ ಮಕ್ಕಳು ಮೈಕನ್ನು ಮೊದಲ ಸಲ ಮುಟ್ಟುವುದು ಸ್ಪರ್ಧೆಯ ದಿನವೇ. ಅವರು ಹಾಡು ಶುರು ಮಾಡಿದೊಡನೆ ಮೈಕು ಕುಯ್ ಎನ್ನುತ್ತದೆ, ಮಗು ತನ್ನದೇ ತಪ್ಪೆಂದು ಬೆದರುತ್ತದೆ. ಸ್ಪೀಕರಿನಿಂದ ಬಂದ ಧ್ವನಿ ಮತ್ತೆ ಮೈಕಿಗೆ ಹೊಕ್ಕು, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ, ಮತ್ತೆ ಸ್ಪೀಕರಿಗೆ ಬರುವ ಸುತ್ತು ಅದು. ಸ್ಪೀಕರಿನ ಹಿಂದಕ್ಕೆ ಸರಿದು ನಿಂತರೆ ಸಾಕು, ಸಾಮಾನ್ಯವಾಗಿ ನಿಲ್ಲುತ್ತದೆ. ವಿಜ್ಞಾನದವರಾದ ನಾವು ಶಬ್ದದ ಪಾಠವನ್ನು ಶಾಲೆಯ ಮೈಕ್ ಸೆಟ್ಟಿನ ಮುಂದೆಯೇ ಮಾಡಿದರೆ ಪಾಠವೂ ಆಯಿತು, ತಾಲೀಮೂ ಆಯಿತು. ಒಂದು ತರಗತಿಯ ಎಲ್ಲ ಮಕ್ಕಳೂ ಮೈಕಿನಲ್ಲಿ ತಮ್ಮ ಹೆಸರು ಹೇಳಿ ಕೇಳಿಸಿಕೊಳ್ಳಲು ಒಂದು ಅವಧಿ ಸಾಕು.

ಸಭೆಯ ಭಯದ ಬಗ್ಗೆ ಒಂದು ಮಾತು. "ಜನರನ್ನ ನೋಡಿದ್ರೆ ತಾನೇ ಜೋಶ್ ಬರುತ್ತೆ ಬಿಡಿ" ಎನ್ನುವ ಶಿಕ್ಷಕರಿದ್ದಾರೆ. ಅರ್ಧ ನಿಜ. ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1965ರಲ್ಲಿ ವಾದಿಸಿದ್ದು ಇದನ್ನೇ: ನೋಡುವವರಿದ್ದರೆ ಚೆನ್ನಾಗಿ ಕೈವಶವಾದ ಕೆಲಸ ಇನ್ನೂ ಚೆನ್ನಾಗುತ್ತದೆ, ಅರೆಬರೆ ಕಲಿತದ್ದು ಇನ್ನೂ ಕೆಡುತ್ತದೆ. ಮುಂದೆ 1969ರಲ್ಲಿ ಅವರು ಜಿರಳೆಗಳ ಮೇಲೂ ಇದನ್ನು ಪರೀಕ್ಷಿಸಿದರು. ಬೇರೆ ಜಿರಳೆಗಳು ನೋಡುತ್ತಿರುವಾಗ ನೇರ ದಾರಿಯಲ್ಲಿ ಜಿರಳೆ ಬೇಗ ಓಡಿತು, ತಿರುವುಳ್ಳ ದಾರಿಯಲ್ಲಿ ನಿಧಾನವಾಯಿತು. (ಪ್ರಾಣಿಶಾಸ್ತ್ರ ಓದಿದ ನನಗೆ ಇದು ಬಹಳ ಇಷ್ಟವಾದ ಪ್ರಯೋಗ.) ಖಾಲಿ ಕೊಠಡಿಯಲ್ಲಿ ಅರೆಬರೆ ಕಲಿಸಿ ಮುನ್ನೂರು ಜನರ ಮುಂದೆ ನಿಲ್ಲಿಸುವುದೆಂದರೆ ಮಗುವನ್ನು ತಿರುವುಳ್ಳ ದಾರಿಗೆ ಬಿಟ್ಟಂತೆಯೇ. ಮೊದಲು ಪಕ್ಕದ ಬೆಂಚಿನ ಗೆಳತಿಯ ಮುಂದೆ, ಆಮೇಲೆ ತರಗತಿಯ ಮುಂದೆ, ಆಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ಎಂದು ಹಂತ ಹಂತವಾಗಿ ಏರಿಸಲು ಖರ್ಚೇನೂ ಇಲ್ಲ.

ಖರ್ಚಿನ ಮಾತು ಬಂದಾಗ ಛದ್ಮವೇಷವನ್ನು ಬಿಡಲಾಗದು. ಪುಟ್ಟ ಮಕ್ಕಳಿಗೆ ಬಾಡಿಗೆಯ ಕಿರೀಟ, ಗದೆ, ಮುಖಕ್ಕೆ ದಪ್ಪ ಬಣ್ಣ. ಮಗು ಬಂದು ಒಂದು ಸಾಲು ಹೇಳಿ ಅಳುಮುಖದಲ್ಲಿ ಇಳಿಯುತ್ತದೆ. ಅಲ್ಲಿ ನಿಜವಾಗಿ ಸ್ಪರ್ಧಿಸುತ್ತಿರುವುದು ಪೋಷಕರ ಜೇಬು. ಮಗು ತಾನೇ ಆರಿಸಿದ, ಮನೆಯ ಬಟ್ಟೆಯಲ್ಲೇ ಕಟ್ಟಬಹುದಾದ ವೇಷಕ್ಕೆ ತೀರ್ಪುಗಾರರು ಹೆಚ್ಚು ಅಂಕ ಕೊಡಲಿ ಎಂದು ನಾನು ಆಸೆಪಡುತ್ತೇನೆ. ಸದ್ಯಕ್ಕೆ ಹಾಗಾಗುತ್ತಿಲ್ಲ.

"ಇದಕ್ಕೆಲ್ಲ ಸಮಯ ಎಲ್ಲಿದೆ, ಪಠ್ಯ ಯಾರು ಮುಗಿಸುತ್ತಾರೆ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಾರ್ಗದರ್ಶಕ ಶಿಕ್ಷಕರೂ ಕೇಳಿದರು. ಸ್ಪರ್ಧೆಯ ಗಲಾಟೆ ಮುಗಿದ ಮೇಲೆ ಅವರ ಅನುಮತಿ ಪಡೆದು ಒಂದು ಸಣ್ಣ ಪ್ರಯತ್ನ ಮಾಡಿದೆ. ಪ್ರತಿ ವಿಜ್ಞಾನದ ಅವಧಿಯ ಕೊನೆಯ ಐದು ನಿಮಿಷ, ಮೂವರು ಮಕ್ಕಳು, ಒಬ್ಬೊಬ್ಬರು ಒಂದು ಚೀಟಿ ಎತ್ತಿ ಒಂದೊಂದು ನಿಮಿಷ ಮಾತಾಡಬೇಕು. ಉಪ್ಪು, ತುಕ್ಕು, ನಮ್ಮೂರ ಕೆರೆ, ಮೋಟಾರು, ಹಾಲು ಒಡೆಯುವುದು ಇಂಥ ವಿಷಯಗಳು. 42 ಮಕ್ಕಳ ತರಗತಿಯಲ್ಲಿ 14 ಅವಧಿಗಳಲ್ಲಿ ಎಲ್ಲರ ಸರದಿಯೂ ಮುಗಿಯಿತು. ಪಾಠಕ್ಕೆ ಧಕ್ಕೆ ಬರಲಿಲ್ಲ, ಕೆಲವು ಸಲ ಪುನರಾವರ್ತನೆಯ ಕೆಲಸವನ್ನೇ ಅದು ಮಾಡಿತು. ಎಲ್ಲರೂ ಚೆನ್ನಾಗಿ ಮಾತಾಡಿದರು ಎಂದಲ್ಲ. ಹನ್ನೊಂದು ಮಂದಿ ಅರ್ಧ ನಿಮಿಷಕ್ಕೇ ಕೂತರು. ಆದರೆ ಹಾಜರಿ ಕೂಗಿದಾಗ ಮಾತ್ರ ಬಾಯಿ ಬಿಡುತ್ತಿದ್ದ ಹಿಂದಿನ ಬೆಂಚಿನ ಹುಡುಗನಿಗೆ 'ಮೋಟಾರು' ಬಂತು. ಬೋರ್‌ವೆಲ್ಲಿನಿಂದ ಮೋಟಾರು ಮೇಲೆತ್ತುವುದು ಹೇಗೆ, ಪೈಪು ಹೇಗೆ ಬಿಚ್ಚುತ್ತಾರೆ, ಕೇಬಲ್ ಎಲ್ಲಿ ಸವೆಯುತ್ತದೆ ಎಂದು ಅವನು ಹೇಳುತ್ತ ಹೋದ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೈ ಎತ್ತಿಸಿ ಆರಿಸುವ ಪದ್ಧತಿಯಲ್ಲಿ ಆ ಹುಡುಗ ಎಂದೂ ಸಿಗುವವನಲ್ಲ.

ಬಹುಮಾನ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಲಸ್ಟರಿನಿಂದ ಬ್ಲಾಕು, ಜಿಲ್ಲೆ, ರಾಜ್ಯ ಎಂದು ಒಂದು ಹಳ್ಳಿ ಶಾಲೆಯ ಮಗು ಹತ್ತಿಹೋಗುವುದು ಸಣ್ಣ ವಿಷಯವಲ್ಲ, ಊರೇ ಮಾತಾಡುತ್ತದೆ. ಆದರೆ 42 ಮಕ್ಕಳಿಂದ ಆರಿಸಿದ ಒಬ್ಬರಿಗೂ, ಐದು ಕೈಗಳಿಂದ ಆರಿಸಿದ ಒಬ್ಬರಿಗೂ ವ್ಯತ್ಯಾಸವಿದೆ.

ನಮ್ಮ ಪ್ರಾಧ್ಯಾಪಕರಲ್ಲಿ ಒಂದು ಕೋರಿಕೆ. ಇಂಟರ್ನ್‌ಶಿಪ್ ದಾಖಲೆಯಲ್ಲಿ ಪಾಠ ಟಿಪ್ಪಣಿಗೆ, ಸಹಪಾಠಿಗಳ ಪಾಠ ವೀಕ್ಷಣೆಗೆ, ಘಟಕ ಪರೀಕ್ಷೆಗೆ ಹಾಳೆಗಳಿವೆ. ಸಹಪಠ್ಯ ಚಟುವಟಿಕೆಗೆ ಇರುವುದು ಫೋಟೊ ಅಂಟಿಸುವ ಒಂದು ಪುಟ. ಅದರ ಬದಲು ಒಂದು ತಾಲೀಮಿನ ವೀಕ್ಷಣಾ ಹಾಳೆ ಇರಲಿ: ಆ ದಿನ ಅಭ್ಯಾಸ ಮಾಡಿಸಿದ ಒಂದು ಕೌಶಲ ಯಾವುದು, ಮಗುವಿಗೆ ಹೇಳಿದ ಹಿಮ್ಮಾಹಿತಿ ಏನು, ಮರುಯೋಜನೆಗೆ ಎಷ್ಟು ನಿಮಿಷ ಕೊಟ್ಟೆವು, ಎರಡನೇ ಸಲ ಏನು ಬದಲಾಯಿತು, ಈವರೆಗೆ ತರಗತಿಯ ಎಷ್ಟು ಮಕ್ಕಳಿಗೆ ಸರದಿ ಸಿಕ್ಕಿತು. ಮುಂದಿನ ತಂಡ ಶಾಲೆಗೆ ಹೊರಡುವ ಮೊದಲು ಇದು ಕೈಗೆ ಬಂದರೆ ಒಳ್ಳೆಯದು. ಕರಡು ಬರೆದಿಟ್ಟಿದ್ದೇನೆ, ಯಾರಾದರೂ ತಿದ್ದಿಕೊಡುವುದಾದರೆ ತೋರಿಸುತ್ತೇನೆ.