ಪೆಸಹಾ ಅಪ್ಪ ಮತ್ತು ಯಹೂದಿಗಳು: ಎರಡು ಧರ್ಮಗಳು ಒಂದೇ ದಿನದಲ್ಲಿ ಬೇರೆಯಾದವೇ?

ಗುಡ್ ಫ್ರೈಡೇ ಹತ್ತಿರ ಬಂದಾಗ ವಾಟ್ಸ್ಯಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, ‘ಯೇಸುವನ್ನು ಕೊಂದವರು ಯಹೂದಿಗಳು, ಅಂದಿನಿಂದಲೇ ಎರಡು ಧರ್ಮಗಳೂ ಶತ್ರುಗಳು.’ ಇನ್ನೊಂದು, ‘ಕೇರಳದ ಕ್ರೈಸ್ತರು ಪೆಸಹಾ ಅಪ್ಪ ತಿನ್ನುತ್ತಾರೆ, ಹಾಗಾಗಿ ಅವರು ಮೂಲದಲ್ಲಿ ಯಹೂದಿಗಳು.’ ಇವುಗಳಲ್ಲಿ ನಿಜವೆಷ್ಟು? ನಾವು ಒಂದೊಂದಾಗಿ ನೋಡೋಣ.

ಏನಿದು ಪೆಸಹಾ ಅಪ್ಪ?

ಸುಳ್ಯ ತಾಲ್ಲೂಕಿನ ಆಲೆಟ್ಟಿ ಕೇರಳದ ಗಡಿಗೆ ತಾಗಿದ ಗ್ರಾಮ. ಸುಳ್ಯ, ಕಡಬ, ಪುತ್ತೂರು ಕಡೆ ಕೃಷಿಗೆಂದು ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಕ್ರೈಸ್ತ ಕುಟುಂಬಗಳಿವೆ. ಇಂಥವರಿಗಾಗಿಯೇ 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ, 2010ರಲ್ಲಿ ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಪ್ರಾಂತ ಆರಂಭವಾದವು.

ಗುಡ್ ಫ್ರೈಡೇ ಹಿಂದಿನ ದಿನ, ಗುರುವಾರ ರಾತ್ರಿ, ಸುರಿಯಾನಿ ಕ್ರೈಸ್ತರ ಮನೆಗಳಲ್ಲಿ ಅಕ್ಕಿ ಮತ್ತು ಉದ್ದಿನ ಹಿಟ್ಟಿನ ಅಪ್ಪ ಬೇಯಿಸುತ್ತಾರೆ. ಬೇರೆ ದಿನಗಳ ಅಪ್ಪಕ್ಕೆ ಹಿಟ್ಟು ಹುಳಿ ಬರಬೇಕು, ಇದಕ್ಕೆ ಬರಬಾರದು. ಮನೆಯ ಹಿರಿಯರು ಪ್ರಾರ್ಥಿಸಿ, ಅಪ್ಪ ಮುರಿದು ಎಲ್ಲರಿಗೂ ಹಂಚುತ್ತಾರೆ.

ಯಹೂದಿಗಳ ‘ಪೆಸಾಹ್’ ಹಬ್ಬದಲ್ಲೂ ಹುಳಿ ಹಾಕದ ರೊಟ್ಟಿಯೇ ತಿನ್ನಬೇಕು. ಈಜಿಪ್ಟಿನ ಗುಲಾಮಗಿರಿಯಿಂದ ಪೂರ್ವಜರು ಹೊರಟಾಗ ಹಿಟ್ಟು ಹುಳಿ ಬರುವಷ್ಟೂ ಸಮಯವಿರಲಿಲ್ಲ ಎಂಬುದರ ನೆನಪು ಅದು. ಪೆಸಹಾ ಎಂಬ ಹೆಸರು ಈ ಹಬ್ಬದ್ದೇ. ಕನ್ನಡ ಬೈಬಲಿನ ‘ಪಸ್ಕ ಹಬ್ಬ’ವೂ ಇದೇ.

ಯೇಸು ಯಾವ ಧರ್ಮದವರು?

ಯೇಸು ಯಹೂದಿ. ತಾಯಿ ಮರಿಯ, ಹನ್ನೆರಡು ಮಂದಿ ಶಿಷ್ಯರು, ಪೌಲ ಎಲ್ಲರೂ ಯಹೂದಿಗಳೇ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯ ಒಂದು ರೂಪವೇ ಸುರಿಯಾನಿ. ಕೊನೆಯ ಊಟ ನಡೆದದ್ದು ಪಸ್ಕ ಹಬ್ಬದ ಹೊತ್ತಿನಲ್ಲಿ. ಶಿಲುಬೆಗೇರಿಸುವುದು ರೋಮನ್ನರ ಶಿಕ್ಷೆ. ಆಜ್ಞೆ ಕೊಟ್ಟವನು ರೋಮನ್ ಅಧಿಕಾರಿ ಪೊಂತಿಯ ಪಿಲಾತ. ಯೇಸುವನ್ನು ಅವನಿಗೆ ಒಪ್ಪಿಸಿದ್ದು ದೇವಾಲಯದ ಮುಖ್ಯ ಯಾಜಕರು ಎಂದು ಸುವಾರ್ತೆಗಳು ಹೇಳುತ್ತವೆ. ಅವರು ಒಂದು ಗುಂಪು, ಇಡೀ ಸಮುದಾಯವಲ್ಲ.

ಮತ್ತೆ ಬೇರೆಯಾದದ್ದು ಯಾವಾಗ?

ಕೂಡುಕುಟುಂಬ ಪಾಲಾಗುವುದನ್ನು ನೆನಪಿಸಿಕೊಳ್ಳಿ. ಮೊದಲು ಒಲೆ ಬೇರೆಯಾಗುತ್ತದೆ, ಕಾಗದಪತ್ರ ಆಮೇಲೆ. ಪಾಲಾದ ಮೇಲೂ ದೈವದ ಕಾರ್ಯಕ್ಕೆ ಎಲ್ಲರೂ ತರವಾಡು ಮನೆಗೇ ಬರುತ್ತಾರೆ. ಇಲ್ಲಿಯೂ ಹಾಗೇ ಆಯಿತು.

ಯಹೂದಿಗಳಲ್ಲದವರು ಯೇಸುವನ್ನು ನಂಬಲು ತೊಡಗಿದಾಗ, ಅವರಿಗೂ ಸುನ್ನತಿ ಬೇಕೇ ಎಂಬ ಪ್ರಶ್ನೆ ಎದ್ದಿತು. ಸುಮಾರು ಕ್ರಿ.ಶ. 50ರ ಹೊತ್ತಿಗೆ ಜೆರುಸಲೇಮಿನಲ್ಲಿ ಸೇರಿದ ಮುಖಂಡರು ‘ಬೇಡ’ ಎಂದು ತೀರ್ಮಾನಿಸಿದರು. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿದರು. ಬಲಿ ನಿಂತುಹೋಯಿತು. ಯಹೂದಿ ಧರ್ಮ ರಬ್ಬಿಗಳ ಸುತ್ತ, ಧರ್ಮಶಾಸ್ತ್ರದ ಓದಿನ ಸುತ್ತ ಹೊಸದಾಗಿ ಕಟ್ಟಿಕೊಂಡಿತು. 325ರ ನೈಸಿಯ ಸಭೆ, ಈಸ್ಟರ್ ದಿನಕ್ಕೆ ಯಹೂದಿಗಳ ಲೆಕ್ಕವನ್ನು ಅನುಸರಿಸಬೇಕಿಲ್ಲ ಎಂದು ನಿಶ್ಚಯಿಸಿತು.

ಆದರೂ ಜನ ಪೂರ್ತಿ ಬೇರೆಯಾಗಿರಲಿಲ್ಲ. 386-87ರಲ್ಲಿ ಅಂತಿಯೋಕ್ಯದ ಪಾದ್ರಿ ಜಾನ್ ಕ್ರಿಸೋಸ್ತಮ್, ಸಿನಗಾಗ್‌ಗೆ ಹೋಗುವ, ಯಹೂದಿಗಳ ಹಬ್ಬಕ್ಕೆ ಸೇರುವ ಕ್ರೈಸ್ತರನ್ನು ಕಟುವಾಗಿ ಬೈದರು. ಯಾರೂ ಹೋಗದಿದ್ದರೆ ಬೈಯುವ ಅಗತ್ಯ ಎಲ್ಲಿತ್ತು?

ಹಾಗಾದರೆ ಸುರಿಯಾನಿ ಕ್ರೈಸ್ತರು ಯಹೂದಿಗಳೇ?

ಅಪ್ಪ ಒಂದರಿಂದಲೇ ಹಾಗೆ ಹೇಳಲಾಗದು. ಹಬ್ಬದ ಹೆಸರು, ಅಡುಗೆ, ಆಚರಣೆಗಳು ಭಾಷೆಯ ಜೊತೆ, ಧರ್ಮದ ಜೊತೆ, ವ್ಯಾಪಾರಿಗಳ ಜೊತೆ ಊರೂರು ದಾಟುತ್ತವೆ. ಅದಕ್ಕೆ ರಕ್ತಸಂಬಂಧವೇ ಬೇಕೆಂದಿಲ್ಲ. ಆದರೆ ಎರಡೂ ಸಮುದಾಯದವರು ಮಲಬಾರಿನಲ್ಲಿ ಅಕ್ಕಪಕ್ಕ ಬಾಳಿದ್ದು ನಿಜ. 849ರ ಕೊಲ್ಲಂ ತಾಮ್ರಪಟ ಅಲ್ಲಿನ ಒಂದು ಚರ್ಚಿಗೆ ಕೊಟ್ಟ ದಾನಪತ್ರ. ಅದಕ್ಕೆ ಸಾಕ್ಷಿ ಹಾಕಿದವರ ಸಹಿಗಳು ಅರಬ್ಬೀ, ಪಹ್ಲವಿ ಲಿಪಿಗಳ ಜೊತೆಗೆ ಹೀಬ್ರೂ ಲಿಪಿಯಲ್ಲೂ ಇವೆ. ಅಂದರೆ ಚರ್ಚಿನ ಪತ್ರಕ್ಕೆ ಯಹೂದಿಗಳು ಸಾಕ್ಷಿ!

ಫಾರ್ವರ್ಡ್ ಮಾಡುವ ಮೊದಲು

‘ಯೇಸುವನ್ನು ಕೊಂದವರು’ ಎಂಬ ಒಂದು ಮಾತನ್ನು ಮುಂದಿಟ್ಟುಕೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಯಹೂದಿಗಳ ಮನೆ ಸುಟ್ಟರು, ಊರು ಬಿಡಿಸಿದರು, ಕೊಂದರು. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ, ಇಂದಿನ ಯಹೂದಿಗಳ ಮೇಲಾಗಲಿ ಹೊರಿಸಬಾರದು ಎಂದು ಕ್ಯಾಥೊಲಿಕ್ ಚರ್ಚ್ 1965ರಲ್ಲಿ ಅಧಿಕೃತವಾಗಿ ಘೋಷಿಸಿತು. ಚರ್ಚೇ ಕೈಬಿಟ್ಟ ಆರೋಪವನ್ನು ನಾವು ಮೊಬೈಲಿನಲ್ಲಿ ಮತ್ತೆ ಹೊತ್ತು ತಿರುಗುವುದು ಬೇಡ.

ಅಂಥ ಸಂದೇಶ ನಿಮಗೂ ಬಂದರೆ, ಕಳುಹಿಸಿದವರಿಗೆ ಪೆಸಹಾ ಅಪ್ಪದ ಕಥೆ ಹೇಳಿ.