ಕಳಚುವ ಮುನ್ನ ಆಸರೆ

ಎತ್ತಿನ ಬಂಡಿಗೆ ಕೀಲೆಣ್ಣೆ ಹಾಕುವ ಕ್ರಮವನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ರೈತನು ಕಡೆಗೀಲಿಗೆ ಕೈಯಿಕ್ಕುವ ಮೊದಲು ಬಂಡಿಯ ಅಚ್ಚಿಗೆ ಗಟ್ಟಿಯಾದ ಮರದ ಆಸರೆಯೊಂದನ್ನು ಕೊಡುತ್ತಾನೆ. ಗಾಲಿಯನ್ನು ಹೊರಕ್ಕೆ ಸರಿಸುವುದು ಆಮೇಲಿನ ಮಾತು. ಭಾರವನ್ನು ಹೊತ್ತ ಅಂಗವೊಂದನ್ನು ಕಳಚುವುದಕ್ಕೆ ಮುಂಚೆ ಆ ಭಾರವನ್ನು ಬೇರೊಂದಕ್ಕೆ ಒಪ್ಪಿಸಬೇಕೆಂಬ ಈ ವಿವೇಕವನ್ನು ಅವನಿಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ. ಬಂಡಿ ನಿಂತ ಅಂಗಳದಲ್ಲಿಯೇ ಇಂದು ಜೀಪು ನಿಂತಿದೆ. ವಾಹನ ಬದಲಾಯಿತು, ಭಾರದ ಸ್ವಭಾವ ಮಾತ್ರ ಬದಲಾಗಲಿಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಗೆ ನಾಲ್ಕು ಗಾಲಿಗಳಿಗೂ ಶಕ್ತಿಯನ್ನೂಡುವ ವಾಹನ ಹೇಳಿ ಮಾಡಿಸಿದಂತಹುದು. ಒಂದೆಡೆ ಬಂಡೆಗಲ್ಲಿನ ಗುಡ್ಡಗಳು, ಇನ್ನೊಂದೆಡೆ ಮಳೆ ಬಿದ್ದರೆ ಕಾಲು ಕೀಳಲು ಬಿಡದ ಎರೆಮಣ್ಣು, ನಡುವೆ ನಾರಾಯಣಪುರದ ಕಾಲುವೆ ನೀರುಂಡ ಭತ್ತದ ಗದ್ದೆಗಳು. 1941ರಿಂದ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧದ ಸಲುವಾಗಿ ತಯಾರಿಸಿದ ಜೀಪನ್ನು, 1947ರಿಂದ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯವರು ಜೋಡಿಸತೊಡಗಿದರು. ಅದರ ಸಂತತಿಗೆ ಸೇರಿದ ಹಳೆಯ ಜೀಪು ಕೆಟ್ಟು ನಿಂತರೆ ಅದನ್ನು ದೂರದ ಕಾರ್ಖಾನೆಗೆ ಎಳೆದೊಯ್ಯುವ ಖರ್ಚಿಗೆ ಅಂಜಿ, ಉಸ್ತಾದನನ್ನೇ ಮನೆಗೆ ಕರೆಸಿ, ಬೇವಿನ ಮರದ ನೆರಳಿನಲ್ಲಿ ಬಿಚ್ಚಿಸುವುದುಂಟು. ಸಣ್ಣ ದುರಸ್ತಿಗೆ ಈ ಪದ್ಧತಿ ಸಾಲುತ್ತದೆ. ಆದರೆ ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸನ್ನು ಇಳಿಸುವ ಪ್ರಸಂಗ ಬಂದಾಗ ಮನೆಯವರೆಲ್ಲರೂ ತುಸು ಎಚ್ಚರ ವಹಿಸತಕ್ಕದ್ದು.

ಇದೇನು ವಸ್ತುವೆಂದರೆ, ಶಕ್ತಿಯನ್ನು ಪಾಲುಮಾಡುವ ಪೆಟ್ಟಿಗೆ. ಎಂಜಿನ್ನಿನಿಂದ ಹೊರಟ ಶಕ್ತಿ ಕ್ಲಚ್ಚನ್ನೂ ಗೇರ್‌ಬಾಕ್ಸನ್ನೂ ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟು ಹಿಂದಿನ ಗಾಲಿಗಳಿಗೂ ಇನ್ನೊಂದು ಮುಂದಿನ ಗಾಲಿಗಳಿಗೂ ಹೋಗುತ್ತದೆ. ಕೆಸರಿನಲ್ಲಿ ಹೂತಾಗ ಚಾಲಕನು ಗೇರಿನ ಪಕ್ಕದ ಚಿಕ್ಕ ಸನ್ನೆಯನ್ನು ಎಳೆದರೆ ವೇಗ ತಗ್ಗಿ ಗಾಲಿಯ ಬಲ ಎರಡು, ಎರಡೂವರೆ ಪಟ್ಟು ಏರುವುದು ಈ ಪೆಟ್ಟಿಗೆಯ ಹಲ್ಲುಚಕ್ರಗಳ ಮಹಿಮೆ. ಹೊರಗವಚ ಎರಕದ ಕಬ್ಬಿಣ, ಒಳಗೆಲ್ಲ ಉಕ್ಕು. ಎರಕದ ಕಬ್ಬಿಣ ನೀರಿಗಿಂತ ಏಳು ಪಟ್ಟು ತೂಕವುಳ್ಳದ್ದು. ಆದುದರಿಂದ ನೋಟಕ್ಕೆ ಒಂದು ಕೊಡದಷ್ಟಿದ್ದರೂ ಈ ಪೆಟ್ಟಿಗೆ ಕೈಗೆ ಬಂದಾಗ ತನ್ನ ನಿಜಸ್ವರೂಪವನ್ನು ತೋರುತ್ತದೆ.

ಹಳ್ಳವನ್ನೋ ಕಾಲುವೆಯನ್ನೋ ದಾಟುವಾಗ ನೀರು ಒಳಹೊಕ್ಕರೆ ಅದರ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕೂಡಲೇ ಬಸಿದು ಹೊಸ ಎಣ್ಣೆ ತುಂಬಿದರೆ ಕೆಲಸ ಅಲ್ಲಿಗೇ ಮುಗಿಯಬಹುದು. ಉದಾಸೀನ ಮಾಡಿದರೆ ಬೇರಿಂಗುಗಳಿಗೆ ತುಕ್ಕು ಹಿಡಿದು, ಹಲ್ಲುಗಳು ಸವೆದು, ಪೆಟ್ಟಿಗೆ ಅರಚತೊಡಗುತ್ತದೆ. ಆಗ ಇಳಿಸದೆ ಗತ್ಯಂತರವಿಲ್ಲ.

ಇಳಿಸುವವರು ಮೊದಲು ತಿಳಿಯಬೇಕಾದ ಒಂದು ಮರ್ಮವಿದೆ. ಹಳೆಯ ಜೀಪಿನ ಮೂಲ ರಚನೆಯಲ್ಲಿ ಹ್ಯಾಂಡ್‌ಬ್ರೇಕು ಗಾಲಿಗಳಲ್ಲಿ ಇಲ್ಲ. ಅದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿದೆ. ಅದು ಹಿಡಿಯುವುದು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಆ ಶಾಫ್ಟಿನ ಮೂಲಕವೇ ಗಾಲಿಗಳನ್ನು. ಶಾಫ್ಟನ್ನು ಕಳಚಿದ ಕ್ಷಣದಲ್ಲಿ ಹ್ಯಾಂಡ್‌ಬ್ರೇಕಿಗೂ ಗಾಲಿಗೂ ಸಂಬಂಧ ಹರಿಯಿತು! ಸನ್ನೆಯನ್ನು ಎಷ್ಟು ಬಿಗಿಯಾಗಿ ಎಳೆದಿದ್ದರೂ, ಗಾಡಿಯನ್ನು ಗೇರಿನಲ್ಲಿಯೇ ನಿಲ್ಲಿಸಿದ್ದರೂ, ಎರಡು ಶಾಫ್ಟುಗಳೂ ಹೋದ ಮೇಲೆ ಸಾವಿರ ಕಿಲೋಗೂ ಮೀರಿದ ಜೀಪು ಮಗುವಿನ ಆಟಿಕೆಯಂತೆ ಉರುಳಲು ಸ್ವತಂತ್ರ. ಅದರಡಿಯಲ್ಲಿ ಆಗ ಮಲಗಿರುವವನು ಶಾಫ್ಟನ್ನು ಬಿಚ್ಚಿದವನೇ ಎಂಬುದನ್ನು ವಾಚಕರು ಗಮನಿಸಬೇಕು.

ಶಾಫ್ಟು ಸ್ಥಾನದಲ್ಲಿದ್ದಾಗಲೂ ಈ ಬ್ರೇಕನ್ನು ಪೂರ್ತಿ ನಂಬುವಂತಿಲ್ಲ. ಹಿಂದಿನ ಗಾಲಿಗಳಲ್ಲಿ ಒಂದನ್ನು ಮಾತ್ರ ಜಾಕಿನಿಂದ ಎತ್ತಿದಿರೆನ್ನಿ. ನೆಲದ ಮೇಲಿನ ಗಾಲಿ ಮುಂದಕ್ಕೆ ಉರುಳಿದರೆ ಎತ್ತಿದ ಗಾಲಿ ಹಿಂದಕ್ಕೆ ತಿರುಗುತ್ತದೆ. ನಡುವಿನ ಡಿಫರೆನ್ಷಿಯಲ್ ಅದಕ್ಕೆ ಎಡೆಕೊಡುತ್ತದೆ. ಬ್ರೇಕು ಹಿಡಿದ ಶಾಫ್ಟು ಅಲುಗುವುದೇ ಇಲ್ಲ. ಬ್ರೇಕು ತನ್ನ ಕರ್ತವ್ಯವನ್ನು ಮಾಡುತ್ತಲೇ ಇರುತ್ತದೆ, ಗಾಡಿಯೂ ಹೋಗುತ್ತಲೇ ಇರುತ್ತದೆ. ಅದಕ್ಕಾಗಿಯೇ ಅನುಭವಿಯಾದ ಉಸ್ತಾದನು ತನ್ನ ಹುಡುಗನಿಗೆ, “ಏ ತಮ್ಮಾ, ಮೊದ್ಲ ಗಾಲಿಗಿ ಕಲ್ಲ ಕೊಡು, ಪಾನಾ ಆಮ್ಯಾಗ ಹಿಡಿ” ಎನ್ನುತ್ತಾನೆ. ನೆಲದ ಮೇಲಿರುವ ಪ್ರತಿಯೊಂದು ಗಾಲಿಗೂ ಹಿಂದೆ ಮುಂದೆ ಎರಡು ಕಡೆಯೂ ಅಡ್ಡಗಲ್ಲು ಬೇಕು.

ಎರಡನೆಯ ಮಾತು ನೆಲದ್ದು. ನಮ್ಮ ಎರೆಭೂಮಿ ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗೆಲ್ಲ ಬಿರುಕು. ಅದರ ಮೇಲೆ ನೇರವಾಗಿ ಇಟ್ಟ ಜಾಕು ಒಂದು ಬದಿಗೆ ಕುಸಿಯಬಹುದು. ಅಡಿಗೆ ಅಗಲವಾದ ದಪ್ಪ ಹಲಗೆಯನ್ನು ಹಾಸಬೇಕು. ಜಾಕು ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ. ಎತ್ತಿದ ಮೇಲೆ ಚಾಸಿಯ ಅಡಿಗೆ ಕಬ್ಬಿಣದ ಸ್ಟ್ಯಾಂಡುಗಳನ್ನೋ ಅಡ್ಡಡ್ಡಲಾಗಿ ಪೇರಿಸಿದ ಜಾಲಿಯ ದಿಮ್ಮಿಗಳನ್ನೋ ಕೊಟ್ಟು, ಭಾರವನ್ನು ಅವುಗಳ ಮೇಲೆ ಕೂರಿಸಿ, ಗಾಡಿಯನ್ನೊಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ನುಸುಳಬೇಕು. ಇಟ್ಟಿಗೆಯನ್ನೂ ಹಾಸುಗಲ್ಲನ್ನೂ ಪೇರಿಸುವ ಅಭ್ಯಾಸ ಅಪಾಯಕರವಾದುದು. ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಅವು ಸೂಚನೆ ಕೊಡದೆ ಸೀಳುತ್ತವೆ; ಮರವಾದರೋ ಮುರಿಯುವ ಮುನ್ನ ಬಹುಮಟ್ಟಿಗೆ ಕಿರುಗುಟ್ಟಿ ಎಚ್ಚರಿಸುತ್ತದೆ.

ಮುಂದಿನ ಕೆಲಸಗಳಿಗೆ ಒಂದು ಅನುಕ್ರಮವುಂಟು. ಬ್ಯಾಟರಿಯ ತಂತಿ ಬಿಚ್ಚಬೇಕು. ಪೆಟ್ಟಿಗೆಗಳ ಎಣ್ಣೆ ಬಸಿಯಬೇಕು. ಕಾಲಡಿಯ ತಗಡು, ಶಾಫ್ಟುಗಳು, ಸ್ಪೀಡೋಮೀಟರಿನ ಕೇಬಲು, ಬ್ರೇಕಿನ ಕೊಂಡಿ, ಕ್ಲಚ್ಚಿನ ಕೊಂಡಿ, ಇವನ್ನು ಗುರುತು ಮಾಡಿ ತೆಗೆದಿಡಬೇಕು. ಅನಂತರ ಗೇರ್‌ಬಾಕ್ಸಿನ ಅಡಿಯ ಅಡ್ಡತೊಲೆಗೆ ಬರುತ್ತೇವೆ. ಎಂಜಿನ್ನಿನ ಹಿಂಭಾಗದ ಭಾರವೂ ಅದರ ಮೇಲೆಯೇ ಇದೆ. ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಇನ್ನೊಂದು ಜಾಕಿನ ಆಸರೆ ಕೊಡದೆ ಆ ತೊಲೆಯನ್ನು ಬಿಚ್ಚಿದರೆ ಎಂಜಿನ್ನು ಹಿಂದಕ್ಕೆ ವಾಲುವುದು ನಿಶ್ಚಯ. ಗೇರ್‌ಬಾಕ್ಸನ್ನೂ ಜೊತೆಯಲ್ಲೇ ತೆಗೆಯುವುದಾದರೆ, ಅದರ ಮೂತಿಯ ದಂಡ ಕ್ಲಚ್ಚಿನಿಂದ ಪೂರ್ತಿ ಹೊರಬರುವವರೆಗೂ ಭಾರವನ್ನು ಎತ್ತಿ ಹಿಡಿದಿರಬೇಕು. ಅರ್ಧದಲ್ಲಿ ಜೋತುಬಿದ್ದರೆ ಕ್ಲಚ್ ಪ್ಲೇಟು ಬಾಗುತ್ತದೆ.

ಕೊನೆಯ ಬೋಲ್ಟಿನ ಹೊತ್ತಿಗೆ ಮನುಷ್ಯನಿಗೆ ಅವಸರ ಹುಟ್ಟುವುದು ಸಹಜ. ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ಕಣ್ಣಿಗೆ ಮಣ್ಣು ಉದುರಿರುತ್ತದೆ. ಆಗಲೇ ಕೆಲವರು ಬೆನ್ನ ಮೇಲೆ ಮಲಗಿ, ಪೆಟ್ಟಿಗೆಯನ್ನು ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸಕ್ಕೆ ಕೈಹಾಕುತ್ತಾರೆ. ಇದು ಬಲದ ಲಕ್ಷಣವಲ್ಲ. ಕೊಳವೆಬಾವಿಯಿಂದ ಮೋಟಾರನ್ನು ಎತ್ತುವವರ ಬಳಿ ಮೂರು ಕಾಲಿನ ಕಂಬವೂ ಚೈನ್ ಪುಲ್ಲಿಯೂ ಇರುತ್ತವೆ. ಜೀಪಿನ ಮೇಲುಹೊದಿಕೆ ಮಡಚಿ, ಆ ಮುಕ್ಕಾಲಿಯನ್ನು ಗಾಡಿಯ ಮೇಲುಗಡೆ ನಿಲ್ಲಿಸಿ, ಕಾಲುಗಳು ಜಾರದಂತೆ ಒಂದಕ್ಕೊಂದು ಹಗ್ಗ ಬಿಗಿದು, ಕಾಲಡಿಯ ತೆರಪಿನಿಂದ ಸರಪಳಿ ಇಳಿಬಿಟ್ಟರೆ ಪೆಟ್ಟಿಗೆ ತಾನಾಗಿ ಮೆಲ್ಲನೆ ನೆಲಕ್ಕಿಳಿಯುತ್ತದೆ. ತೂಗುವ ಭಾರದ ಅಡಿಯಲ್ಲಿ ಆಗ ಯಾರೂ ಇರಕೂಡದು. ಬಾವಿಯವರಿಂದ ಅರ್ಧ ದಿನಕ್ಕೆ ಎರವಲು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಇಂಥ ಕೆಲಸದಲ್ಲಿ ಗಾಡಿಯ ಕೆಳಗೆ ನುಸುಳುವವನು ಸಾಮಾನ್ಯವಾಗಿ ಯಜಮಾನನಲ್ಲ, ಉಸ್ತಾದನೂ ಅಲ್ಲ. ಮೈ ಸಣ್ಣಗಿರುವ ಹುಡುಗ. ಅವನ ತಾಯಿ ಅವನನ್ನು ಕಸುಬು ಕಲಿಯಲೆಂದು ಕಳುಹಿಸಿದ್ದಾಳೆ. ಕೂಲಿಯನ್ನು ಚೌಕಾಸಿ ಮಾಡುವ ನಾವು ದಿಮ್ಮಿಗಳಿಗಾಗಿ, ಸರಪಳಿಗಾಗಿ ಆಗುವ ಒಂದೆರಡು ಗಂಟೆಯ ತಡವನ್ನೂ ಲೆಕ್ಕಹಾಕಿ “ಬೇಗ ಆಗಲಿ” ಎಂದು ಅವಸರಪಡಿಸುತ್ತೇವೆ. ಆ ಎರಡು ಗಂಟೆ ಯಾರ ಲೆಕ್ಕದಲ್ಲಿ ಜಮೆಯಾಗುತ್ತದೆ, ಯಾರ ಲೆಕ್ಕದಲ್ಲಿ ಖರ್ಚಾಗುತ್ತದೆ ಎಂಬುದನ್ನು ಯೋಚಿಸುವುದು ಯಜಮಾನನ ಹೊಣೆ. ಆಸರೆಗೆ ಬೇಕಾದ ಸಾಮಗ್ರಿ ಅಂಗಳದಲ್ಲಿ ಇಲ್ಲವೆಂದಾದರೆ ಜೀಪನ್ನು ಎಳೆಸಿಕೊಂಡು ಪೇಟೆಯ ಗ್ಯಾರೇಜಿಗೆ ಹೋಗುವುದೇ ಉಚಿತ. ಎಳೆಸಿದ ಬಾಡಿಗೆಯನ್ನು ಮುಂದಿನ ಸುಗ್ಗಿಯಲ್ಲಾದರೂ ದುಡಿದು ತುಂಬಿಕೊಳ್ಳಬಹುದು.